ನಾಕು ಗಳ ದಾಟಿದ ಚಾಂದನಿ

ಅಪ್ಪಾ,

ಇವತ್ತ ಮುಂಜಾನೆ ಚಾಂದನಿ ನಾಕೂ ಗಳ ದಾಟಿತು. ಬಾಂದ್ರಾದ ಮೇಡಂ ಒಬ್ಬರು ನಾ ಕೆಲಸ ಮಾಡೋ ಕುದುರಿ ತಬೇಲಾದಾಗ ಬಿಟ್ಟಿರೋ ಬಿಳಿ ಹೆಣ್ಣುಗುದುರಿ ಇದು. ಬಂದಾಗ ಹಿಂದಿನ ಎಡಗಾಲಾಗ ಶಕ್ತಿನ ಇರಲಿಲ್ಲ, ಗೊರಸು ನೆಲಕ್ಕ ಎಳೀತಿತ್ತು. ಕಟ್ಟಿಗಿ ಗಳ ನೆಲದ ಮ್ಯಾಲೆ ಹಾಸಿ, ಹಗ್ಗ ಹಿಡಕೊಂಡು, ಎರಡು ತಿಂಗಳು ದಿನಾ ಎರಡು ಹೊತ್ತು ನಾನ ನಡೆಸೀನಿ. ಮೊದಲು ಒಂದ ಗಳ, ಆಮ್ಯಾಲೆ ಎರಡು. ಇವತ್ತ ಒಂದಕ್ಕೂ ಗೊರಸು ತಾಗಲಿಲ್ಲ.

ಮೇಡಂ ಅತ್ತೇ ಬಿಟ್ಟರು. "ಶೈಲಾ, ಇಷ್ಟು ತಾಳ್ಮೆ ನಿನಗೆ ಎಲ್ಲಿಂದ ಬಂತು?" ಅಂತ ಹಿಂದಿಯೊಳಗ ಕೇಳಿದರು.

"ನಮ್ಮಪ್ಪನಿಂದ. ಮೂವತ್ತು ವರ್ಷ ಕುದುರಿ ನೋಡಿಕೊಂಡಾಂವ" ಅಂದೆ. ಮುಂದಿಂದು ಹೇಳಲಿಲ್ಲ.

ನಿನಗ ಲಕ್ವಾ ಹೊಡೆದು ಕಾಲು ಸೋತಾಗ ಡಾಕ್ಟರೂ ಇದನ್ನ ಹೇಳಿದ್ದರು. ದಿನಾ ಎರಡು ಹೊತ್ತು ಹಿಡಕೊಂಡು ನಡೆಸ್ರಿ, ಕಾಲಿಗೆ ಶಕ್ತಿ ಬರತೈತಿ ಅಂತ. ನಾ ಕೆಲಸಕ್ಕ ಹೊಂಟಾಗೆಲ್ಲ ನೀ ಗೋಡಿ ಹಿಡಕೊಂಡು ನಿಂತು ಕೇಳ್ತಿದ್ದಿ: "ಚಾಳಿನ ನಳದ ತನಕ ಕರಕೊಂಡು ಹೋಗತೀ ಏನವ್ವಾ?"

"ನಾಳೆ ಅಪ್ಪಾ, ಲೋಕಲ್ ಟ್ರೇನ್ ತಪ್ಪತೈತಿ" ಅಂತಿದ್ದೆ.

ಬರಬರತ ನೀ ಕೇಳೋದ ಬಿಟ್ಟಿ. ಯಾಕ ಬಿಟ್ಟಿ ಅಂತ ನಾನೂ ಕೇಳಲಿಲ್ಲ. ನೀ ಹೋಗಿ ಮೊನ್ನೆಗೆ ವರ್ಷ ಆತು.

ಮಧ್ಯಾಹ್ನ ಮನಿಗೆ ಬಂದು ಅವ್ವಗ ಕುದುರಿ ನಡೆದ ಸುದ್ದಿ ಹೇಳಿದೆ. ಅವ್ವ ಅಕ್ಕಿ ಆರಿಸಕೋತ ಕುಂತಿದ್ದಳು. "ಛಲೋ ಆತವ್ವಾ" ಅಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ನಿನ್ನ
ಶೈಲಾ