ಕೂತವರೆಲ್ಲ ನಿಮ್ಮವರಲ್ಲ, ಅಧ್ಯಕ್ಷರೇ

ನಮ್ಮ ವ್ಯಾಪಾರ ಕಟ್ಟಡದ ವರ್ತಕರ ಸಂಘದ ಮಾನ್ಯ ಅಧ್ಯಕ್ಷರೇ, 'ಮಾಜಿ' ಎಂಬ ಪದದ ಗಾಳಿಯೂ ಸೋಕದವರೇ,

ಬರುವ ಭಾನುವಾರದ ಚುನಾವಣೆಯನ್ನು ಈ ಸಲವೂ ಕುರ್ಚಿಗಳ ಕೈಯಲ್ಲೇ ಗೆಲ್ಲಲು ಹೊರಟಿದ್ದೀರಿ. ಅದು ಕೂಡದು ಎನ್ನಲು ಈ ಪತ್ರ. ಇದನ್ನು ಲಿಫ್ಟಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಬಾಗಿಲು ತೆರೆದು ಕಾಗದ ಹರಿದೀತೆಂಬ ಭಯ ಈ ಕಟ್ಟಡದಲ್ಲಿ ಯಾರಿಗೂ ಇಲ್ಲ.

ಹೊಸದಾಗಿ ಅಂಗಡಿ ಹಾಕಿದವರಿಗೆ ನಮ್ಮ ಪದ್ಧತಿ ಗೊತ್ತಿರಲಿಕ್ಕಿಲ್ಲ. ನೆಲಮಹಡಿಯ ಸಭಾಂಗಣದಲ್ಲಿ ಎಲ್ಲರೂ ಕುರ್ಚಿ ಹಿಡಿದು ಕೂರುತ್ತಾರೆ. ಚಹಾ ಬರುತ್ತದೆ, ಬಿಸ್ಕತ್ತು ಬರುತ್ತದೆ. ಆಗ ಕಾರ್ಯದರ್ಶಿಗಳು ಕೆಮ್ಮಿ, "ಈಗಿನ ಅಧ್ಯಕ್ಷರು ಬೇಡ ಅನ್ನೋರು ಎದ್ದು ನಿಂತ್ಕೊಳ್ಳಿ" ಅನ್ನುತ್ತಾರೆ. ಒಂದು ಕೈಯಲ್ಲಿ ಬಿಸಿ ಲೋಟ, ಇನ್ನೊಂದರಲ್ಲಿ ಬಿಸ್ಕತ್ತು, ಕಣ್ಣೆದುರಿಗೆ ನೀವು. ವರ್ಷವರ್ಷವೂ ಅಂಗಡಿಯ ಬಾಡಿಗೆ ಕರಾರಿಗೆ ಸಹಿ ಹಾಕುವವರೂ ನೀವೇ. ಯಾರು ಏಳುತ್ತಾರೆ? ಸರ್ವಾನುಮತ! ಎರಡೆರಡು ವರ್ಷದ ಐದು ಅವಧಿಯಲ್ಲಿ ಮೊದಲನೆಯದೊಂದು ಬಿಟ್ಟು ಉಳಿದದ್ದನ್ನೆಲ್ಲ ಹೀಗೇ ಗೆದ್ದಿರಿ. ಕಳೆದ ಸಲ ದಿನಸಿ ಅಂಗಡಿಯ ತಾತ ನಿದ್ದೆ ಹೋಗಿದ್ದರು. ಅವರ ಗೊರಕೆಯೂ ನಿಮ್ಮ ಮತವೆಂದೇ ಜಮೆಯಾಯಿತು.

ನಮ್ಮಪ್ಪನ ಕಸುಬು ನಿಮಗೆ ಗೊತ್ತು. ಪಾದ ತಿರುಚಿಕೊಂಡವರಿಗೆ, ಒಂದು ಕಾಲು ಗಿಡ್ಡವಿರುವವರಿಗೆ ಅಳತೆ ತೆಗೆದು ಬೂಟು ಹೊಲಿಯುತ್ತಾರೆ. ಅಂಗಡಿ ಮೂರನೇ ಮಹಡಿಯಲ್ಲಿ. ಅಂದರೆ, ಮೆಟ್ಟಿಲು ಹತ್ತಲಾರದವರಿಗೆಂದೇ ಇರುವ ಅಂಗಡಿಗೆ ಮೆಟ್ಟಿಲು ಹತ್ತಿಯೇ ಬರಬೇಕು! ಇಂಥ ಹಾಸ್ಯಪ್ರಜ್ಞೆ ನಿಮ್ಮ ಆಡಳಿತಕ್ಕಲ್ಲದೆ ಇನ್ಯಾರಿಗೆ ಒಲಿದೀತು? ಹೋದ ತಿಂಗಳು ಊರುಗೋಲಿನ ಅಜ್ಜಿಯೊಬ್ಬರು ಮೊದಲನೇ ತಿರುವಿನಲ್ಲೇ ಕುಸಿದು ಕೂತರು. ಅಪ್ಪ ಅಳತೆ ಟೇಪು ಹಿಡಿದು ಕೆಳಗೋಡಿದರು.

"ಸ್ವಲ್ಪ ಸುಧಾರಿಸ್ಕೊಳ್ಳಿ ಅಮ್ಮಾ, ನಿಧಾನಕ್ಕೆ ಹತ್ತಿದ್ರಾಯ್ತು."

"ಅಲ್ಲಪ್ಪಾ, ಹತ್ತೋ ಕಾಲಿದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?"

ಅಪ್ಪ ಅಲ್ಲೇ ಮಂಡಿಯೂರಿ, ಹೋಗಿಬರುವವರ ಕಾಲಸಂದಿಯಲ್ಲಿ, ಅಜ್ಜಿಯ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆದುಕೊಂಡರು. ಅಜ್ಜಿಯಷ್ಟು ಛಲವಿಲ್ಲದವರು ಕೆಳಗಿನಿಂದಲೇ ತಿರುಗಿ ಹೋಗುತ್ತಾರೆ. ಅಪ್ಪ ಮೇಲೆ ನೊಣ ಹೊಡೆಯುತ್ತಾರೆ. ಹೀಗೇ ಆದರೆ ಮುಂದಿನ ವರ್ಷ ನಿಮ್ಮ ಸಹಿಗೆ ನಮ್ಮ ಅಂಗಡಿಯೇ ಇರುವುದಿಲ್ಲ.

ಲಿಫ್ಟು ನಿಂತದ್ದು ನೀವು ಪಟ್ಟಕ್ಕೇರಿದ ವಾರವೇ. "ಬಿಡಿಭಾಗ ಬರ್ಬೇಕು" ಅಂದಿರಿ. ಆ ಬಿಡಿಭಾಗ ಇನ್ನೂ ದಾರಿಯಲ್ಲಿದೆ, ಪಾಪ, ನಡೆದುಕೊಂಡೇ ಬರುತ್ತಿರಬೇಕು. ಹತ್ತು ವರ್ಷ ತುಂಬಿದ ದಿನ ನಾನು ಲಿಫ್ಟಿಗೆ ಬಲೂನು ಕಟ್ಟಿ, ಎದುರಿಗೆ 'ದಶಮಾನೋತ್ಸವದ ಶುಭಾಶಯಗಳು' ಎಂದು ಬರೆಸಿದ ಕೇಕು ಇಟ್ಟಿದ್ದೆ. ನೀವು ಬಂದಿರಿ, ಓದಿದಿರಿ, ಕಣ್ಣು ಒರೆಸಿಕೊಂಡಿರಿ. "ನನ್ನ ಸೇವೇನ ಯಾರೂ ಮರ್ತಿಲ್ಲ" ಎನ್ನುತ್ತ ಕೇಕು ಕತ್ತರಿಸಿ ಮೊದಲ ತುಂಡನ್ನು ನನ್ನ ಬಾಯಿಗೇ ಇಟ್ಟಿರಿ. ಅಣಕವನ್ನೂ ಸನ್ಮಾನವೆಂದು ನುಂಗಿ ನೀರು ಕುಡಿಯುವವರನ್ನು ಅಣಕಿಸುವುದಾದರೂ ಹೇಗೆ ಸ್ವಾಮೀ?

ಈಗ ನಿಮ್ಮೆದುರು ಬೀಗದಂಗಡಿಯ ಅಕ್ಕ ನಿಂತಿದ್ದಾರೆ. ಅವರಿಗೆ ಅನುಭವವಿಲ್ಲವಂತೆ. ಒಂದೇ ತರಗತಿಯಲ್ಲಿ ಹತ್ತು ವರ್ಷ ಕೂತವನನ್ನು ಅನುಭವಿ ವಿದ್ಯಾರ್ಥಿ ಅನ್ನುತ್ತೇವೆಯೇ? "ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ, ನೋಡ್ತಿರಿ" ಎಂದು ಕಾರ್ಯದರ್ಶಿಗಳು ಅಂಗಡಿ ಅಂಗಡಿಗೆ ಹೋಗಿ ಹೇಳುತ್ತಿದ್ದಾರೆ. ಒಗೆಯಲಿ ಬಿಡಿ! ನಿಮ್ಮ ಕೈಯಲ್ಲಿ ಆ ಗೋಣಿ ನೀರನ್ನೇ ಕಂಡಿಲ್ಲ. ಅಕ್ಕನೂ ದೇವತೆಯೇನಲ್ಲ. ಬಾಯಿ ತೆರೆದರೆ ಮುಚ್ಚಲು ಅವರ ಬಳಿಯೇ ಬೀಗವಿಲ್ಲ, ಸಭೆ ನಡೆಸಿ ಗೊತ್ತೂ ಇಲ್ಲ. ಆದರೆ ಮೊನ್ನೆ ಲಿಫ್ಟ್ ಮೆಕ್ಯಾನಿಕ್ಕನ್ನು ಕರೆತಂದು ತೋರಿಸಿದರು. ಮೋಟಾರು ಬದಲಿಸಿದರೆ ಸಾಕಂತೆ. "ಇಷ್ಟು ವರ್ಷ ಯಾಕೆ ಕರೀಲಿಲ್ಲ?" ಅಂತ ಅವನೇ ಬೆಪ್ಪಾದ.

ಅದನ್ನು ಕೇಳಿದ ಮೇಲೂ ಅಪ್ಪ ಜಗ್ಗಲಿಲ್ಲ.

"ಭಾನುವಾರ ಎದ್ದು ನಿಲ್ತೀಯೇನಪ್ಪಾ?"

"ಸುಮ್ನಿರೇ. ಹಳೇ ಗಂಡನ ಪಾದವೇ ಗತಿ."

ಪಾದದ ವಿಷಯದಲ್ಲಿ ಅಪ್ಪನಿಗೆ ಎದುರಾಡುವಂತಿಲ್ಲ, ಅದು ಅವರ ಕಸುಬು. ಆದರೂ ಬಿಡದೆ ಕೇಳಿದೆ: "ಹೋಗ್ಲಿ, ಮನಸ್ಸಲ್ಲಿ ಯಾರಿದ್ದಾರೆ ಅಷ್ಟು ಹೇಳು."

ದಾರಕ್ಕೆ ಮೇಣ ಉಜ್ಜುತ್ತಿದ್ದ ಅಪ್ಪ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆದರೂ ಹೇಳಲಿಲ್ಲ. ಸ್ವಂತ ಅಂಗಡಿಯಲ್ಲಿ, ಹೆತ್ತ ಮಗಳೆದುರು ಬಾಯಿಬಿಡಲು ಅಂಜುವ ಮನುಷ್ಯ! ನಿಮ್ಮ ಸರ್ವಾನುಮತದ ಮುಖ ಅವತ್ತು ನನಗೆ ಹತ್ತಿರದಿಂದ ಕಾಣಿಸಿತು. ನಗು ಬರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಭಾನುವಾರ ಯಾರೂ ಏಳುವುದು ಬೇಡ. ಚೀಟಿ ಕೊಡಿ, ಡಬ್ಬಿ ಇಡಿ, ಮರೆಗೊಂದು ಪರದೆ ಕಟ್ಟಿಸಿ. ಡಬ್ಬಿ ನೆಲಮಹಡಿಯಲ್ಲೇ ಇರಲಿ, ನಿಮ್ಮನ್ನು ಮೆಟ್ಟಿಲು ಹತ್ತಿಸುವಷ್ಟು ಕಟುಕಿ ನಾನಲ್ಲ. ಈ ಪತ್ರವನ್ನು ಅಪ್ಪ ಓದಿಲ್ಲ, ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೊಳ್ಳಿ. ಪರದೆಯ ಹಿಂದೆ ಹೋಗಿ ಅವರು ನಿಮಗೇ ಮತ ಹಾಕಿದರೆ ಹಾಕಲಿ, ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಹೆದರಿ ಕೂತ ನನ್ನಪ್ಪನನ್ನು ಮಾತ್ರ ಇನ್ನೊಂದು ಸಲ ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಇಂತಿ,
ಮತದ ಹಕ್ಕಿಲ್ಲದ್ದರಿಂದ ನಿಮ್ಮ ಸಭೆಯ ಕುರ್ಚಿಯಲ್ಲಿ ಕೂರುವ ಭಾಗ್ಯವೂ ಇಲ್ಲದ,
ಮೂರನೇ ಮಹಡಿಯ ಬೂಟಿನವರ ಮಗಳು