ಕಾಗದದ ಮೇಲೆ ಮುಳುಗಿದವಳು

ತಾಲಿನ್
18 ಏಪ್ರಿಲ್ 1971, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮೈಮು,

ನೀನು, ಆರ್ನೆ, ಬಿರ್ಗಿಟ್ ಮೂವರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಸೆಪ್ಟೆಂಬರ್ ಪತ್ರಕ್ಕೆ ಏಪ್ರಿಲಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೇಕಾದರೂ ಬೈದುಕೋ, ಆದರೆ ತಪ್ಪು ಪೂರ್ತಿ ನನ್ನದಲ್ಲ. ನನ್ನ ಪತ್ರಗಳನ್ನು ಅಂಚೆಗೆ ಹಾಕುವಂತಿಲ್ಲ ಎಂಬುದು ನಿನಗೆ ಗೊತ್ತು. ಅವನ್ನು ಒಯ್ಯಲು ನಮ್ಮ ಗೆಳತಿ ಔನೆ ಹೆಲ್ಸಿಂಕಿಯಿಂದ ಹಡಗು ಹತ್ತಿ ಬರಬೇಕು. ಅವಳು ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡು ಚಳಿಗಾಲವಿಡೀ ಮಲಗಿದ್ದಳು. ನಿನ್ನೆ ಕುಂಟುತ್ತ ಬಂದಳು, ನಾಳೆ ಹೊರಡುತ್ತಾಳೆ. ಈ ಪತ್ರ ಅವಳ ಕೋಟಿನ ಅಸ್ತರಿನೊಳಗೆ ಹೋಗಬೇಕಾದ್ದರಿಂದ ಕಾಗದ ತೆಳು, ಅಕ್ಷರ ಸಣ್ಣದು. ಕನ್ನಡಕ ಹಾಕಿಕೊಂಡು ಓದು. ನಿನಗೂ ನಲವತ್ತನಾಲ್ಕಾಯಿತು.

ನೀನು ಕಳಿಸಿದ ಕಾಫಿಪುಡಿ ಮುಟ್ಟಿತು. ಡ್ರೆಸ್ಸಿಂಗ್ ರೂಮಿನಲ್ಲಿ ಡಬ್ಬಿ ತೆರೆದಾಗ ಪರಿಮಳಕ್ಕೆ ಪಕ್ಕದ ಕೋಣೆಯವರೆಲ್ಲ ಏನೇನೋ ನೆಪ ಹೇಳಿಕೊಂಡು ಬಂದರು. ನನಗೆ ಉಡುಪು ತೊಡಿಸುವ ಮಿಲ್ಡಾ, "ಬಾಗಿಲು ಹಾಕ್ಕೊಳೆ, ಇಲ್ದಿದ್ರೆ ವಾದ್ಯಮೇಳ ಪೂರ್ತಿ ಲೋಟ ಹಿಡ್ಕೊಂಡು ನಿಂತ್ಕೊಳುತ್ತೆ" ಎಂದಳು.

ಈಗ ಸುದ್ದಿ. ಔನೆ ಬಾಯಿಯಲ್ಲಿ ಅರ್ಧ ಕೇಳಿರುತ್ತೀಯ, ಪೂರ್ತಿ ನಾನು ಹೇಳುತ್ತೇನೆ. ಜೂನ್ ಹನ್ನೊಂದರಂದು ನಮ್ಮ ಥಿಯೇಟರು ಹೆಲ್ಸಿಂಕಿಯಲ್ಲಿ ಒಂದು ಒಪೆರಾ ಆಡಲಿದೆ. ಹೊರಡುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಪೆನ್ಸಿಲಿನಲ್ಲಿದೆ. ನಮ್ಮಲ್ಲಿ ಪೆನ್ಸಿಲಿನಲ್ಲಿರುವುದು ಶಾಯಿಗೆ ಬರುವತನಕ ಯಾರೂ ಪೆಟ್ಟಿಗೆ ಕಟ್ಟುವುದಿಲ್ಲ.

ನನ್ನ ಹೆಸರು ಅಲ್ಲಿಗೆ ಬಂದದ್ದು ಹಾಡಿನಿಂದಲ್ಲ, ಮೈಮು. ಇಪ್ಪತ್ತೇಳು ವರ್ಷ ಹಾಡಿದೆ. ಬಾಂಬು ಬಿದ್ದು ಹಳೆಯ ಥಿಯೇಟರು ಸುಟ್ಟುಹೋದ ವರ್ಷ ಗುಂಪಿನಲ್ಲಿ ಹಾಡುತ್ತಿದ್ದವಳು ನಾನು. ನನ್ನ ದನಿ ತಗ್ಗಿನದು. ಅಂಥ ದನಿಗೆ ಒಪೆರಾದಲ್ಲಿ ಮದುವೆಯಾಗುವ ಯೋಗವಿಲ್ಲ. ತಾಯಂದಿರು, ದಾದಿಯರು, ಮಾಟಗಾತಿಯರು ಆದೆ. ಮೂವತ್ತಕ್ಕೆ ಬೂದು ವಿಗ್ಗು ಹಾಕಿಕೊಂಡವಳಿಗೆ ಐವತ್ತೊಂದರಲ್ಲಿ ಅದನ್ನು ಹಾಕದೆಯೇ ಕೆಲಸ ನಡೆಯುತ್ತಿದೆ. ನನ್ನ ಮುಖವನ್ನು ಊರು ಗುರುತಿಸಿದ್ದು ಆ ಒಂದು ಸಿನಿಮಾದಿಂದ.

ನಾಲ್ಕು ವರ್ಷದ ಹಿಂದೆ ಸ್ಟುಡಿಯೋದಿಂದ ರೈವೊ ಪೊಲ್ಡ್ಸಮ್ ಎಂಬ ನಿರ್ದೇಶಕ ಬಂದ. ದೋಣಿಕಟ್ಟೆಯಲ್ಲಿ ಛತ್ರ ನಡೆಸುವ ಹೆಂಗಸಿನ ಪಾತ್ರಕ್ಕೆ ಮುಖ ಹುಡುಕುತ್ತಿದ್ದ. ಮೊದಲ ದಿನ ನಾನು ಅಭ್ಯಾಸಬಲದಿಂದ ಕೈ ಚಾಚಿ, ಎದೆಯುಬ್ಬಿಸಿ ಮಾತಾಡಿದೆ. ಅವನು ಕ್ಯಾಮೆರಾ ನಿಲ್ಲಿಸಿ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹೆಲ್ಮಿಯವರೇ, ನೀವು ಮೂರನೇ ಬಾಲ್ಕನಿಯವರಿಗೋಸ್ಕರ ಅಳ್ತಿದೀರಿ. ಕ್ಯಾಮೆರಾ ಇಲ್ಲೇ ಎರಡು ಮೊಳದಲ್ಲಿದೆ. ಏನೂ ಮಾಡ್ಬೇಡಿ. ಮನಸ್ಸಲ್ಲಿರೋದನ್ನ ಮುಚ್ಚಿಟ್ಕೊಳಿ, ಸಾಕು." ಮುಚ್ಚಿಡುವುದು ನನಗೆ ಕಲಿಸಬೇಕಾದ ವಿದ್ಯೆಯಲ್ಲ. ಆಮೇಲೆ ಒಂದೊಂದು ದೃಶ್ಯವೂ ಮೊದಲ ಸಲಕ್ಕೇ ಮುಗಿಯುತ್ತಿತ್ತು. ಈಗ ಮಾರ್ಕೆಟ್ಟಿನಲ್ಲಿ ಮೀನು ಮಾರುವವಳು, "ಛತ್ರದಮ್ಮಾ, ನಿಮಗೆ ಇವತ್ತಿನ ತಾಜಾ ಮೀನೇ ಕೊಡ್ತೀನಿ, ಮೇಲಿರೋದು ಮುಟ್ಬೇಡಿ" ಎನ್ನುತ್ತಾಳೆ. ನನ್ನ ಒಂದು ಒಪೆರಾವನ್ನೂ ಅವಳು ನೋಡಿಲ್ಲ. ಮಿಲ್ಡಾ ಅಣಕಿಸುತ್ತಾಳೆ: "ಟಿಕೆಟ್ ತಗೊಂಡು ಬರೋರು ನಿನ್ನ ಹಾಡಿಗಲ್ಲ ಕಣೆ, ಛತ್ರದಮ್ಮ ಜೀವಂತ ಹೇಗಿದಾಳೆ ಅಂತ ನೋಡೋಕೆ."

ಆ ಸಿನಿಮಾ ಕಳೆದ ವರ್ಷ ಫಿನ್‌ಲೆಂಡಿನಲ್ಲೂ ಓಡಿತು. ಅಲ್ಲಿಯವರು ನಮ್ಮ ಥಿಯೇಟರಿಗೆ ಆಹ್ವಾನ ಕಳಿಸುವಾಗ, ಆ ಹೆಂಗಸು ತಂಡದಲ್ಲಿರುತ್ತಾಳಲ್ಲವೇ ಎಂದು ಹೆಸರು ಹಾಕಿಯೇ ಕೇಳಿದರು. ಹೀಗಾಗಿ ಇಲ್ಲಿಯವರಿಗೆ ನನ್ನನ್ನು ಬಿಟ್ಟು ಹೋಗುವುದೂ ಕಷ್ಟ, ಕರೆದುಕೊಂಡು ಹೋಗುವುದೂ ಕಷ್ಟ.

ಯಾಕೆಂದರೆ ನೀನು, ಯುದ್ಧದ ಕೊನೆಗೆ ದೋಣಿ ಹತ್ತಿ ದೇಶ ಬಿಟ್ಟು ಹೋದವಳು. ಅವರ ಕಾಗದದಲ್ಲಿ ನೀನು ಸತ್ತಿದ್ದೀಯ. 1950ರಲ್ಲಿ ಎಲ್ಲರ ಹಿನ್ನೆಲೆ ಜಾಲಾಡುತ್ತಿದ್ದಾಗ, ವಿದೇಶದಲ್ಲಿ ಬಂಧುಗಳಿದ್ದವರು ಥಿಯೇಟರಿನಿಂದ ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ, ನಿನ್ನ ಹೆಸರಿನ ಮುಂದೆ "1944ರಲ್ಲಿ ಸಮುದ್ರದಲ್ಲಿ ಮುಳುಗಿ ಮರಣ" ಎಂದು ಬರೆದೆ. ಇದನ್ನು ನಿನಗೆ ಹಿಂದೆಯೇ ತಿಳಿಸಿದ್ದೆ. ನೀನು ನಗುತ್ತಾ, "ಸತ್ತವಳಿಗೆ ಚಳಿಗೆ ಎರಡು ಉಣ್ಣೆಯ ಕಾಲುಚೀಲ ಹೆಣೆದು ಕಳಿಸು" ಎಂದು ಬರೆದಿದ್ದೆ.

ಹೋದ ಮಂಗಳವಾರ ನನ್ನನ್ನು ಮೇಲಿನ ಕಚೇರಿಗೆ ಕರೆಸಿದರು. ವಿದೇಶಕ್ಕೆ ಹೋಗುವವರ ಫೈಲು ನೋಡುವ ವಿದ್ರಿಕ್ ಎಂಬ ಮನುಷ್ಯ. ಹೊಸಬ, ಚಿಕ್ಕ ವಯಸ್ಸು, ತುಂಬ ಸಭ್ಯ. ಕುರ್ಚಿ ಎಳೆದುಕೊಟ್ಟ. ಟೀ ತರಿಸಿದ. ನನಗೆ ಅರಚುವವರ ಮುಂದೆ ಕೂರುವುದು ಗೊತ್ತು, ಟೀ ಕೊಡುವವರ ಮುಂದೆ ಕೂರುವುದು ಗೊತ್ತಿಲ್ಲ. ಫೈಲು ತೆರೆದು, ಬೆರಳಿಟ್ಟು ನಿಧಾನವಾಗಿ ಓದಿದ.

"ತಂಗಿ, ಮೈಮು. ನಲವತ್ತನಾಲ್ಕರಲ್ಲಿ ಮುಳುಗಿ ತೀರ್ಕೊಂಡ್ರು ಅಂತ ಬರೆದಿದೀರಿ. ಇದರಲ್ಲೇನಾದ್ರೂ ಬದಲಾವಣೆ ಇದೆಯೇ?"

"ಸತ್ತವರಲ್ಲಿ ಬದಲಾವಣೆ ಏನಿರುತ್ತೆ ಸ್ವಾಮಿ?"

"ಇಲ್ಲ, ಕೇಳೋದು ನಮ್ಮ ಕೆಲಸ. ದೋಣಿ ಮುಳುಗಿದ್ದನ್ನ ನೋಡಿದವರು ಯಾರಾದ್ರೂ?"

"ಊರಿನವರು ಹಾಗಂದ್ರು. ಅವರಲ್ಲಿ ಈಗ ಯಾರೂ ಉಳಿದಿಲ್ಲ."

ಅವನು ಬರೆದುಕೊಂಡ. ಬರೆಯುತ್ತಲೇ ಹೇಳಿದ: "ನಿಮ್ಮ ಸಿನಿಮಾ ನೋಡಿದೆ. ನಮ್ಮಮ್ಮ ಅತ್ತೇಬಿಟ್ರು. ನೀವು ಬಹಳ ಒಳ್ಳೆ ನಟಿ."

ಮೈಮು, ಅಂದಿನಿಂದ ಈ ಒಂದು ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಅದು ಬರೀ ಮೆಚ್ಚುಗೆಯೋ, ಅಥವಾ ಅವನಿಗೆಲ್ಲ ಗೊತ್ತಿದೆಯೆಂದು ಹೇಳುವ ರೀತಿಯೋ? ಹೇಳುವಾಗ ಅವನು ತಲೆಯೆತ್ತಲಿಲ್ಲ. ಔನೆ ಬಂದುಹೋಗುವುದು ಅವನಿಗೆ ಗೊತ್ತಿರಬಹುದೇ? ಬೀದಿಯಲ್ಲಿ ಯಾರಾದರೂ ನನ್ನನ್ನು ನೋಡಿ ನಕ್ಕರೆ, ಸಿನಿಮಾ ನೋಡಿದವರೋ ನನ್ನನ್ನೇ ನೋಡಲು ಕಳಿಸಿದವರೋ ಎಂದು ಹಿಂತಿರುಗಿ ನೋಡುತ್ತೇನೆ.

ಇನ್ನೊಂದಿದೆ, ಮಿಲ್ಡಾಗೆ ಮಾತ್ರ ಗೊತ್ತು. ಫೆಬ್ರವರಿಯಿಂದ ನನ್ನ ಮೇಲಿನ ಸ್ವರ ಹರಿದ ಬಟ್ಟೆಯ ಹಾಗೆ ಬಿಡುತ್ತಿದೆ. ಗಂಟಲಿನ ವೈದ್ಯರು ಕನ್ನಡಿ ಹಾಕಿ ನೋಡಿ, ಸಣ್ಣ ಗಂಟು ಎದ್ದಿದೆ, ಆರು ವಾರ ಪಿಸುಮಾತೂ ಆಡಬೇಡಿ ಎಂದರು. ಆರು ವಾರ ಬಾಯಿ ಮುಚ್ಚಿದರೆ ಪೆನ್ಸಿಲಿನ ಹೆಸರನ್ನು ಅಳಿಸಲು ರಬ್ಬರು ತರುವವರಿದ್ದಾರೆ. ಅದಕ್ಕೇ ರಿಹರ್ಸಲಿನಲ್ಲಿ ಅರ್ಧ ದನಿಯಲ್ಲಿ ಹಾಡುತ್ತೇನೆ, ಹೆಲ್ಸಿಂಕಿಗೆ ಉಳಿಸಿಟ್ಟುಕೊಂಡಿದ್ದೇನೆ ಎನ್ನುತ್ತೇನೆ. ಈ ದನಿಯಲ್ಲಿ ಒಂದು ಸಂಜೆಗಾಗುವಷ್ಟು ಉಳಿದಿದ್ದರೆ ಅದು ನಿನ್ನೆದುರೇ ಮುಗಿಯಲಿ ಎಂದು ನನ್ನ ಆಸೆ. ನೀನು ನನ್ನನ್ನು ಕೊನೆಯ ಸಲ ಕೇಳಿದ್ದು ಚರ್ಚಿನ ಗುಂಪಿನಲ್ಲಿ, ನಿನ್ನ ಹದಿನೇಳನೇ ವಯಸ್ಸಿನಲ್ಲಿ.

ಈಗ ಗಮನವಿಟ್ಟು ಓದು. ಒಪೆರಾದ ದಿನ ಹಿಂಬಾಗಿಲಿಗೆ ಬರಬೇಡ, ಹೂವು ಕಳಿಸಬೇಡ. ಟಿಕೆಟ್ ಔನೆ ಕೊಡುತ್ತಾಳೆ. ಚಪ್ಪಾಳೆ ತಟ್ಟುವಾಗ ಎದ್ದು ನಿಲ್ಲಬೇಡ. ನೀನೂ ನನ್ನಂತೆ ಅಪ್ಪನ ಹಾಗೆಯೇ ಇದ್ದೀಯಂತೆ, ಔನೆ ಹೇಳಿದಳು, ನಮ್ಮವರು ಗುರುತು ಹಿಡಿದುಬಿಡುತ್ತಾರೆ. ಮರುದಿನ, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಬಂದರಿನ ಪಕ್ಕದ ಮಾರುಕಟ್ಟೆಗೆ ನಮ್ಮನ್ನು ನಾಲ್ಕು ನಾಲ್ಕು ಮಂದಿಯಾಗಿ ಬಿಡುತ್ತಾರೆ. ನನ್ನ ಜೊತೆಗಿರುವವಳು ಮಿಲ್ಡಾ. ಉಳಿದಿಬ್ಬರನ್ನು ಬಟ್ಟೆಯಂಗಡಿಗೆ ಎಳೆದೊಯ್ಯುತ್ತೇನೆ ಎಂದಿದ್ದಾಳೆ. ನೀನು ಆಲೂಗೆಡ್ಡೆ ಆರಿಸುತ್ತಿರು. ನಾನು ಪಕ್ಕದಲ್ಲಿ ನಿಂತು ನಾನೂ ಆರಿಸುತ್ತೇನೆ. ಹತ್ತು ನಿಮಿಷ ಸಿಗಬಹುದು. ಅಪ್ಪಿಕೊಳ್ಳಬೇಡ, ಮೈಮು. ಕೈ ತಗುಲಿದರೆ ತಗುಲಲಿ.

ನಾನು ಸಣ್ಣಗಾಗಿದ್ದೇನೆ, ಸಿನಿಮಾದಲ್ಲಿ ಕಂಡಷ್ಟು ದಪ್ಪವಿಲ್ಲ. ಅದು ಒಳಗೆ ತುಂಬಿದ್ದ ಬಟ್ಟೆ. ಬೂದು ಕೋಟು ಹಾಕಿಕೊಂಡಿರುತ್ತೇನೆ.

ಆರ್ನೆಗೆ ನನ್ನ ನಮಸ್ಕಾರ ಹೇಳು. ಬಿರ್ಗಿಟ್ ಪಿಯಾನೋ ಬಿಡದಿರಲಿ. ಬೆರಳಿಗೆ ಬಂದದ್ದು ಗಂಟಲಿನ ಹಾಗೆ ಕೈಕೊಡುವುದಿಲ್ಲ. ಅವಳ ಹಣೆಗೆ ದೊಡ್ಡಮ್ಮನ ಮುತ್ತು. ನಿಮ್ಮ ಮನೆಯಲ್ಲಿ ಯಾವ ಬಾಗಿಲು ತಟ್ಟಿದ ಸದ್ದಿಗೂ ಯಾರೂ ಬೆಚ್ಚಬೇಕಾದ ದಿನ ಬಾರದಿರಲಿ, ಎಲ್ಲರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ,
ಹೆಲ್ಮಿ

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನೆಲ್ಲ ಮಡಚಿ ಔನೆಯ ಕೈಗೆ ಕೊಟ್ಟು, ಮತ್ತೆ ವಾಪಸು ಇಸಿದುಕೊಂಡೆ. ನೀನು ಬಂದರೆ ಆ ಹತ್ತು ನಿಮಿಷದಲ್ಲಿ ಮೊದಲು ಕೇಳುವುದು ಅಮ್ಮನ ಬಗ್ಗೆ. ನಿನ್ನ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಹೇಳುವ ಶಕ್ತಿ ನನಗಿಲ್ಲ.

1950ರಲ್ಲಿ ನಾನು ಬರೆದದ್ದನ್ನು ಪರೀಕ್ಷಿಸಲು ಅವರು ಊರಿಗೆ ಹೋಗುವವರಿದ್ದರು. ಅಮ್ಮನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಮುಖ ಕೆಂಪಾಗುತ್ತಿತ್ತು. ಅದಕ್ಕೆ ಅವರಿಗಿಂತ ಮೊದಲು ನಾನೇ ಹೋಗಿ, ನಿನ್ನ ದೋಣಿ ಮುಳುಗಿತೆಂದು ಖಚಿತ ಸುದ್ದಿ ಬಂದಿದೆ ಎಂದು ಅಮ್ಮನಿಗೇ ಹೇಳಿದೆ. ನೀನು ಬದುಕಿದ್ದೀಯೋ ಇಲ್ಲವೋ ಆಗ ನನಗೂ ಗೊತ್ತಿರಲಿಲ್ಲ. ಅವರು ಬಂದು ಕೇಳಿದಾಗ ಅಮ್ಮ ಅತ್ತ ಪರಿಗೆ ಮತ್ತೆ ಯಾರೂ ಕೇಳಲಿಲ್ಲ. ಆಮೇಲೆ ಅವಳು ಅಪ್ಪನ ಸಮಾಧಿಯ ಪಕ್ಕದಲ್ಲಿ ನಿನ್ನ ಹೆಸರಿನ ಕಲ್ಲು ನೆಡಿಸಿದಳು.

1957ರ ಬೇಸಗೆಯಲ್ಲಿ ನಾವಿಕನೊಬ್ಬನ ಕೈಯಲ್ಲಿ ನಿನ್ನ ಮೊದಲ ಪತ್ರ, ಫೋಟೋ ಬಂತು. ಆ ವಾರವೇ ನನಗೆ ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿತ್ತು. ಅಮ್ಮನಿಗೆ ಹೇಳಿದರೆ ಅವಳು ಸಂತೋಷಕ್ಕೆ ಬೀದಿಗೆ ಓಡುತ್ತಾಳೆ, ಇಡೀ ಊರಿಗೆ ಗೊತ್ತಾಗುತ್ತದೆ. ಮೊದಲ ಪ್ರದರ್ಶನ ಮುಗಿಯಲಿ ಎಂದುಕೊಂಡೆ. ಆಮೇಲೆ ಮಾಸ್ಕೋ ಪ್ರವಾಸ ಮುಗಿಯಲಿ ಎಂದುಕೊಂಡೆ. 1959ರ ಫೆಬ್ರವರಿಯಲ್ಲಿ ಅಮ್ಮ ಹೋದಳು.

ಅವಳು ನಿನ್ನ ಫೋಟೋಗೆ ಮುತ್ತಿಟ್ಟಳು, ಬಿರ್ಗಿಟ್ ಹುಟ್ಟಿದ ಸುದ್ದಿಗೆ ಕೇಕ್ ಮಾಡಿದಳು ಎಂದು ನಿನಗೆ ಬರೆದೆನಲ್ಲ, ಯಾವುದೂ ನಡೆದದ್ದಲ್ಲ. ಒಂದೂವರೆ ವರ್ಷ ಆ ಫೋಟೋ ನನ್ನ ಸಂಗೀತದ ಪುಸ್ತಕದೊಳಗಿತ್ತು. ಕೊನೆಯ ದಿನ ಅಮ್ಮ ನನ್ನ ಕೈ ಹಿಡಿದು, "ಇನ್ನೇನು, ಮೈಮು ಹತ್ರ ಹೋಗ್ತಿದೀನಿ" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೊರಗೆ ಪಕ್ಕದ ಮನೆಯವರಿದ್ದರು.

ಇದನ್ನು ಓದಿದ ಮೇಲೂ ಬರುವುದಾದರೆ ಬಾ. ಬಾರದಿದ್ದರೆ ಕಾರಣ ನಾನು ಯಾರನ್ನೂ ಕೇಳುವುದಿಲ್ಲ.