ಓಂಕಾರಪ್ಪನವರ ಗೇಟಿನೆದುರಿನ ಹಸಿರು ಬೋರ್ಡು

ವಿದ್ಯುತ್ ವಾಹನಗಳ ಚಾರ್ಜಿಂಗ್ ಕೇಂದ್ರಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಆಲ್ದೂರು ದಾಟಿ ಬಾಳೆಹೊನ್ನೂರಿನ ಕಡೆ ಆರು ಕಿಲೋಮೀಟರ್ ಬಂದರೆ ರಸ್ತೆಯ ಎಡಕ್ಕೆ ನಿಮ್ಮದೊಂದು ಹಸಿರು ಬೋರ್ಡಿದೆ. ‘ವಿದ್ಯುತ್ ವಾಹನ ಚಾರ್ಜಿಂಗ್ ಕೇಂದ್ರ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ಅಲ್ಲಿ ವಿದ್ಯುತ್ ಇಲ್ಲ. ಆ ಬೋರ್ಡನ್ನು ಒಬ್ಬರು ನಂಬಿದ್ದರಿಂದ, ಅದರ ಎದುರು ಮನೆಯ ಓಂಕಾರಪ್ಪ ಎಂಬ ಸಣ್ಣ ಬೆಳೆಗಾರರ ಒಂದೂವರೆ ಎಕರೆ ಕಾಫಿಯ ಹೂವು ಈ ವರ್ಷ ಕರಟಿಹೋಯಿತು. ನಂಬಿದವಳು ನಾನು. ಹೂವು ಹೋದದ್ದು ಅವರದು. ಬೋರ್ಡು ತೆಗೆಯಿರಿ ಎಂದು ಕೇಳಲು ಈ ಬಹಿರಂಗ ಪತ್ರ.

ಇದನ್ನು ಖಾಸಗಿಯಾಗಿ ಮೂರು ಸಲ ಕೇಳಿದ್ದೇನೆ. ಮೂರು ಸಲವೂ ನಿಮ್ಮ ಕಚೇರಿಯಿಂದ ಎರಡೇ ದಿನದಲ್ಲಿ ಉತ್ತರ ಬಂದಿದೆ, ಅಷ್ಟರ ಮಟ್ಟಿಗೆ ನಿಮ್ಮನ್ನು ಮೆಚ್ಚಲೇಬೇಕು. ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?’ ಮೊದಲ ಸಲ ಓದಿದಾಗ ಕೋಪ ಬಂತು. ಎರಡನೆಯ ಸಲ ನಗು ಬಂತು. ಮೂರನೆಯ ಸಲ ಏನೂ ಬರಲಿಲ್ಲ, ಐದು ನಕ್ಷತ್ರ ಒತ್ತಿ ಅಕ್ಕಿ ತೊಳೆಯಲು ಎದ್ದುಹೋದೆ. ಕೋಪ ಉಳಿದಿದ್ದರೆ ಈ ಪತ್ರ ಇನ್ನಷ್ಟು ಚೆನ್ನಾಗಿ ಬರುತ್ತಿತ್ತೇನೋ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ನಡೆದದ್ದನ್ನು ಸಾಲಾಗಿ ಬರೆಯುವುದು ಮಾತ್ರ ಈಗ ನನ್ನಿಂದ ಆಗುವ ಕೆಲಸ.

ನಮ್ಮದು ಸಂಸೆ. ಅಲ್ಪಸ್ವಲ್ಪ ಅಡಿಕೆ, ಎರಡು ಎಕರೆ ಕಾಫಿ. ನಿವೃತ್ತಿಯಾದ ಮೇಲೆ ವಿದ್ಯುತ್ ಕಾರು ಕೊಂಡೆವು. ಹೊಗೆಯಿಲ್ಲ, ಸದ್ದಿಲ್ಲ, ಕಾಡಿನ ದಾರಿಗೆ ಒಳ್ಳೆಯದು ಎಂದು ನೀವೇ ಜಾಹೀರಾತಿನಲ್ಲಿ ಹೇಳಿದ್ದಿರಿ. ಈ ಮಾರ್ಚಿನಲ್ಲಿ ನಾನೂ ನನ್ನ ಯಜಮಾನರು ಪರಮೇಶ್ವರರೂ ಬಾದಾಮಿ, ವಿಜಯಪುರ ಎಂದು ಒಂಬತ್ತು ದಿನ ತಿರುಗಿದೆವು. ಬಯಲುಸೀಮೆಯಲ್ಲಿ ನಿಮ್ಮ ಕೇಂದ್ರಗಳು ನಡೆಯುತ್ತಿದ್ದವು, ಸುಳ್ಳು ಹೇಳುವುದಿಲ್ಲ. ಚಾರ್ಜು ಉಳಿಸಲು ಏಸಿ ಆರಿಸಿ, ಇವರು ಮಿಠಾಯಿ ಡಬ್ಬಿಯ ರಟ್ಟಿನಿಂದ ನನಗೂ ತಮಗೂ ಗಾಳಿ ಬೀಸುತ್ತಾ, ಶೇಕಡಾ ನಲವತ್ತೊಂದು, ಶೇಕಡಾ ನಲವತ್ತು ಎಂದು ಜ್ವರ ನೋಡುವವರ ಹಾಗೆ ಹೇಳುತ್ತಾ ಕುಳಿತಿರುತ್ತಿದ್ದರು. ಆದರೂ ಖುಷಿಯಾಗಿಯೇ ಇದ್ದೆವು. ಹತ್ತನೆಯ ದಿನ ಮನೆ ಸೇರಲೇಬೇಕಿತ್ತು. ಅದರ ಮರುದಿನ ನಮ್ಮ ತೋಟಕ್ಕೆ ನೀರು ಹೊಡೆಯುವ ಸರದಿ.

ತಾವು ಕಾಫಿ ಕುಡಿಯುತ್ತೀರಿ ಎಂದುಕೊಂಡು ಈ ಸರದಿ ಏನೆಂದು ಹೇಳುತ್ತೇನೆ. ಬೇಸಿಗೆಯಲ್ಲಿ ಕಾಫಿಯ ಮೊಗ್ಗು ಒಂದು ಒಳ್ಳೆಯ ಮಳೆಗೆ ಕಾಯುತ್ತಿರುತ್ತದೆ. ಮಳೆ ಬಾರದಿದ್ದರೆ ನಾವೇ ಜೆಟ್ಟು ಇಟ್ಟು ಮಳೆಯ ಹಾಗೆ ನೀರು ಹಾರಿಸಬೇಕು. ಪೂರ್ತಿ ನೆನೆದರೆ ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಅರೆಬರೆ ನೆನೆದರೆ ಮೊಗ್ಗು ಅರ್ಧ ಬಿರಿದು ಅಲ್ಲೇ ಕರಟುತ್ತದೆ. ಅಂದರೆ ನೀರೇ ಹೊಡೆಯದಿದ್ದರೆ ಮಳೆಗಾದರೂ ಕಾಯಬಹುದು, ಅರ್ಧ ಹೊಡೆದು ನಿಲ್ಲಿಸಿದರೆ ಆ ವರ್ಷದ ಫಸಲು ಮುಗಿಯಿತು. ಜೆಟ್ಟು, ಪೈಪು ಸಣ್ಣ ಬೆಳೆಗಾರರ ಬಳಿ ಇರುವುದಿಲ್ಲ. ಒಂದೇ ಸೆಟ್ಟನ್ನು ಹತ್ತು ಮನೆಯವರು ಸರದಿಯ ಮೇಲೆ ತರುತ್ತೇವೆ. ನಿಮ್ಮ ದಿನ ಮುಗಿದ ಬೆಳಿಗ್ಗೆ ಪಕ್ಕದವರ ಜೀಪು ಬಂದು ಪೈಪು ಹೇರಿಕೊಂಡು ಹೋಗುತ್ತದೆ. ಇನ್ನೊಂದು ದಿನ ಕೊಡಿ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅವರ ಮೊಗ್ಗೂ ಕಾಯುತ್ತಿರುತ್ತದೆ. ಇದು ನಮ್ಮ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಈ ಮಾತನ್ನು ದಯವಿಟ್ಟು ನೆನಪಿಡಿ.

ಹತ್ತನೆಯ ದಿನ ಬೆಳಿಗ್ಗೆ ಚಿಕ್ಕಮಗಳೂರಿಗೆ ಬಂದಾಗ ಶೇಕಡಾ ಹತ್ತೊಂಬತ್ತು ಉಳಿದಿತ್ತು. ಅಲ್ಲಿನ ಕೇಂದ್ರದಲ್ಲಿ ಗಿರಿ ನೋಡಲು ಬಂದವರ ಎಂಟು ಕಾರು ಸಾಲಿನಲ್ಲಿದ್ದವು. ನಿಮ್ಮ ಆ್ಯಪು ತೆರೆದರೆ ಆಲ್ದೂರಿನ ಆಚೆ ಹಸಿರು ಚುಕ್ಕೆ, ‘ಎರಡು ಚಾರ್ಜಿಂಗ್ ಗನ್ ಲಭ್ಯ’, ಮೇಲಾಗಿ ಐದಕ್ಕೆ ಐದು ನಕ್ಷತ್ರ. ಯಾರಿಗೆ ಆಸೆಯಾಗುವುದಿಲ್ಲ? ಹೊರಟೆವು. ಬೋರ್ಡಿನ ಬಳಿ ನಿಂತಾಗ ಶೇಕಡಾ ಆರು.

ಕೇಂದ್ರ ಇತ್ತು. ತಗಡಿನ ಮಾಡು ಇತ್ತು, ಉದ್ಘಾಟನೆಯ ಕಲ್ಲು ಇತ್ತು. ಯಂತ್ರ ಪ್ಲಾಸ್ಟಿಕ್ ಹೊದ್ದುಕೊಂಡೇ ನಿಂತಿತ್ತು, ಅದಕ್ಕೆ ಯಾವ ಕಂಬದಿಂದಲೂ ತಂತಿ ಬಂದಿರಲಿಲ್ಲ. ಸಿಮೆಂಟಿನ ಕಟ್ಟೆಯ ಮೇಲೆ ಯಾರೋ ಕಾಳುಮೆಣಸು ಒಣಗಲು ಹರವಿದ್ದರು. ಸರಕಾರಿ ಕಟ್ಟಡವೊಂದು ಇಷ್ಟು ಬೇಗ ಜನೋಪಯೋಗಿಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಗ ಆ್ಯಪಿನಲ್ಲಿ ನಕ್ಷತ್ರ ಕೊಟ್ಟವರು ಬರೆದದ್ದನ್ನು ಓದಿದೆ. ‘ಯಂತ್ರ ಕೆಲಸ ಮಾಡುವುದಿಲ್ಲ. ಎದುರು ಮನೆಯವರು ತುಂಬಾ ಒಳ್ಳೆಯವರು, ಚಾರ್ಜ್ ಮಾಡಲು ಬಿಟ್ಟರು, ಕಾಫಿ ಕೊಟ್ಟರು.’ ಆ ನಕ್ಷತ್ರಗಳನ್ನು ನಿಮ್ಮ ಇಲಾಖೆ ತನ್ನ ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳುತ್ತದೆಯೋ ಏನೋ, ತಿಳಿಯದು.

ಎದುರಿನ ಗೇಟು ತೆರೆದು ಅರವತ್ತು ದಾಟಿದವರೊಬ್ಬರು ಬಂದರು. ಪಂಚೆ ಎತ್ತಿ ಕಟ್ಟಿದ್ದರು, ಕಾಲಿಗೆ ಹಸಿ ಮಣ್ಣು ಮೆತ್ತಿತ್ತು. ಅವರೇ ಓಂಕಾರಪ್ಪ.

"ಬನ್ನಿ ಸ್ವಾಮಿ, ಬಿಸ್ಲಲ್ಲಿ ಯಾಕ್ ನಿಂತಿದೀರಿ? ಇಲ್ಲಿಗ್ ಬಂದವ್ರೆಲ್ಲ ಮೊದ್ಲು ಅದನ್ನ ನೋಡ್ತಾರೆ, ಆಮೇಲೆ ನಮ್ಮನೆ ನೋಡ್ತಾರೆ. ನಿಮ್ದು ನಾಲ್ಕನೇ ಕಾರು."

"ಸಂಸೆಗ್ ಹೋಗ್ಬೇಕಿತ್ತು. ನಾಳೆ ನಮ್ಮಲ್ಲಿ ನೀರು ಹೊಡಿಯೋದಿದೆ," ಎಂದರು ನಮ್ಮವರು.

"ಓಹ್, ತೋಟದವ್ರು! ಹಂಗಾದ್ರೆ ತಡ ಮಾಡಂಗಿಲ್ಲ ಸ್ವಾಮಿ. ಒಳಗ್ ತನ್ನಿ ಕಾರನ್ನ."

ಮನೆಯ ಹಿಂದಿನ ತೋಟದಲ್ಲಿ ಜೆಟ್ಟು ತಿರುಗುತ್ತಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ಅಲ್ಲಿ ಮೋಟಾರು ಓಡಿಸುವ ತ್ರೀ ಫೇಸ್ ಕರೆಂಟು, ಆಗ ಹತ್ತೂವರೆ. ಅವರು ಕೊಟ್ಟ ವೈರನ್ನು ಕಾರಿಗೆ ಸಿಕ್ಕಿಸಿದೆವು. ಮೋಟಾರು ಓಡುತ್ತಿದ್ದರಿಂದ ವೋಲ್ಟೇಜು ಸಾಲದೆ ಕಾರಿನ ದೀಪ ಕೆಂಪಾಯಿತು. ಓಂಕಾರಪ್ಪ ಕಾರನ್ನು ನೋಡಿದರು, ತೋಟದ ಕಡೆ ನೋಡಿದರು, "ಒಂದ್ನಿಮಿಷ ಇರಿ" ಎಂದು ಹಿತ್ತಿಲಿಗೆ ಹೋದರು. ಚಟ್ ಚಟ್ ಎನ್ನುತ್ತಿದ್ದ ಜೆಟ್ಟಿನ ಸದ್ದು ನಿಧಾನವಾಗಿ ನಿಂತಿತು. ಕಾರಿನ ದೀಪ ಹಸಿರಾಯಿತು.

ಮಾನ್ಯರೇ, ಆ ಸದ್ದು ನಿಂತದ್ದು ನನಗೆ ಕೇಳಿಸಿತು. ಅದರ ಅರ್ಥವೂ ಗೊತ್ತಿತ್ತು. ಇವರ ಮುಖ ನೋಡಿದೆ, ಇವರು ಬ್ಯಾಟರಿಯ ಅಂಕಿ ನೋಡುತ್ತಿದ್ದರು. "ಚಾರ್ಜಾಗ್ತಾ ಇದೆ" ಎಂದರು. ನಾನು "ಹೂಂ" ಎಂದೆ. ಓಂಕಾರಪ್ಪ ವಾಪಸು ಬಂದಾಗ ಒಂದೇ ಒಂದು ಸಲ ಕೇಳಿದೆ.

"ನಿಮ್ಮ ನೀರು?"

"ಹೊಡ್ದು ಮುಗೀತು ಬಿಡಿ ಅಮ್ಮ. ನೆಲ ತಂಪಾಗಿದೆ."

ಮುಗಿದಿರಲಿಲ್ಲ. ತೋಟದ ಕೆಳಗಿನ ಪಟ್ಟೆಯಲ್ಲಿ ಕಾಫಿ ಎಲೆಗಳ ಮೇಲೆ ನೀರು ಬಿದ್ದು ಧೂಳು ಅರ್ಧ ತೊಳೆದು ಗೆರೆಗೆರೆಯಾಗಿತ್ತು. ನಾನು ಕುಳಿತಿದ್ದ ಜಗಲಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಅವರ ಹೆಂಡತಿ ಕೃಷ್ಣಮ್ಮ ಅಕ್ಕಿರೊಟ್ಟಿ ಮಾಡಿದರು, ತಿಂದೆ. ಎರಡನೆಯದು ಹಾಕಿಸಿಕೊಂಡೆ. ಐದು ಗಂಟೆ ಅಲ್ಲಿದ್ದೆವು. ಆ ಐದು ಗಂಟೆಯ ಯಾವುದೇ ನಿಮಿಷದಲ್ಲಿ ಎದ್ದು ವೈರು ಕೀಳಬಹುದಿತ್ತು. ಆಲ್ದೂರಿನಿಂದ ಕಳಸಕ್ಕೆ ಬಸ್ಸಿದೆ, ಅಲ್ಲಿಂದ ಸಂಸೆಗೆ ಜೀಪಿದೆ, ಕಾರನ್ನು ಎರಡು ದಿನ ಅವರ ಅಂಗಳದಲ್ಲಿ ಬಿಟ್ಟು ಹೋಗಬಹುದಿತ್ತು. ನಮ್ಮ ನೀರಿನ ಸರದಿ ತಪ್ಪಬಾರದು ಎಂದು ಅವರ ನೀರು ನಿಂತದ್ದನ್ನು ನೋಡುತ್ತಾ ಕುಳಿತೆ. ಮೂರೂವರೆಗೆ ಹೊರಟಾಗ ಕೃಷ್ಣಮ್ಮ ಒಂದು ಸ್ಟೀಲ್ ಡಬ್ಬಿಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಕೊಟ್ಟರು.

ಮರುದಿನ ನಮ್ಮ ತೋಟಕ್ಕೆ ನೀರಾಯಿತು. ಒಂಬತ್ತನೆಯ ದಿನ ಹೂವಾಯಿತು. ಇಷ್ಟು ವರ್ಷದಲ್ಲಿ ಅಂಥ ಹೂವು ನಮ್ಮಲ್ಲಿ ಬಂದಿರಲಿಲ್ಲ. ಅದರ ನಡುವೆ ನಿಂತೆ. ಏನೂ ಅನ್ನಿಸಲಿಲ್ಲ. ವಾಸನೆಯೂ ಹತ್ತಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಎರಡು ದಿನ ಬಿಟ್ಟು ಡಬ್ಬಿ ಹಿಂದಿರುಗಿಸುವ ನೆಪದಲ್ಲಿ ಬಸ್ಸು ಹತ್ತಿ ಒಬ್ಬಳೇ ಹೋದೆ.

ಓಂಕಾರಪ್ಪನವರ ತೋಟದ ಮೇಲಿನ ಪಟ್ಟೆಯಲ್ಲಿ ಗಿಡಗಳ ಬುಡಕ್ಕೆಲ್ಲ ಬಿಳಿ ಹೂವು ಉದುರಿ ಬಿದ್ದಿತ್ತು. ಕೆಳಗಿನ ಒಂದೂವರೆ ಎಕರೆಯಲ್ಲಿ ಮೊಗ್ಗುಗಳು ಕಂದಾಗಿ ಕೊಂಬೆಗೆ ಅಂಟಿಕೊಂಡಿದ್ದವು. ಮುಟ್ಟಿದರೆ ಪುಡಿಯಾದವು.

"ಅವತ್ತೇ ಪೈಪಿಗೆ ಕೊನೇ ದಿನ ಇತ್ತಮ್ಮ," ಎಂದರು ಕೃಷ್ಣಮ್ಮ. "ಹೇಳ್ಬೇಡ ಅಂದಿದ್ರು ಇವ್ರು. ನೀವೂ ತೋಟದವ್ರೇ ಅಲ್ವಾ, ನಿಮ್ಗೆ ಗೊತ್ತಾಗ್ದೆ ಇರತ್ತಾ ಅಂದ್ಕಂಡೆ ನಾನು." ಬೈದು ಹೇಳಿದ್ದಲ್ಲ. ಡಬ್ಬಿ ಒರೆಸುತ್ತಾ ಹೇಳಿದರು.

"ಸುಮ್ನಿರೇ," ಎಂದರು ಓಂಕಾರಪ್ಪ. "ಮನೆ ಬಾಗ್ಲಿಗೆ ಬಂದವ್ರಿಗೆ ಕರೆಂಟಿಲ್ಲ ಅನ್ನಕಾಗತ್ತಾ?"

ಈಗ ನಿಮ್ಮನ್ನು ಕೇಳುತ್ತೇನೆ. ಅವರಿಗೆ ಹೇಳಲಾಗದ ಆ ಮಾತನ್ನು ಹೇಳಬೇಕಾದದ್ದು ಯಾರ ಕೆಲಸ? ಕರೆಂಟಿಲ್ಲ ಎನ್ನಲು ನಿಮಗೆ ಏನು ಕಷ್ಟ? ದಿನಕ್ಕೆ ಎಷ್ಟು ಜನರಿಗೆ ಎಷ್ಟು ಸಲೀಸಾಗಿ ಇಲ್ಲ ಎನ್ನುತ್ತೀರಿ, ಇದೊಂದು ಬೋರ್ಡಿನಲ್ಲಿ ಮಾತ್ರ ಏಕೆ ಇಷ್ಟು ಔದಾರ್ಯ? ನಿಮ್ಮ ನಕಾಶೆಯಲ್ಲಿ ಒಂದು ಚುಕ್ಕೆ ಹೆಚ್ಚಿಗೆ ಕಾಣಲೆಂದು ಯಾರೋ ಒಬ್ಬರ ತೋಟದ ನೀರು ನಿಲ್ಲಬೇಕೆ? ನನ್ನ ಪಾಲಿನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಅದನ್ನು ಓಂಕಾರಪ್ಪನವರ ಅಂಗಳದಲ್ಲಿ ನಿಂತು ಒಪ್ಪಿಕೊಂಡೆ. ಅವರು "ಕಾಫಿ ಆರ್ತಾ ಇದೆ, ಕುಡೀರಿ" ಎಂದರು. ಈ ಎಲ್ಲದರಲ್ಲಿ ನನಗೆ ಸಿಕ್ಕ ಶಿಕ್ಷೆ ಅಷ್ಟೇ.

ಪರಿಹಾರ ಬೇಡ, ಅವರು ತೆಗೆದುಕೊಳ್ಳುವವರೂ ಅಲ್ಲ. ಯಂತ್ರಕ್ಕೆ ತಂತಿ ಎಳೆಯಿರಿ ಎಂದೂ ಕೇಳುವುದಿಲ್ಲ, ಅದಕ್ಕೆ ಟೆಂಡರು, ಅನುಮೋದನೆ ಎಲ್ಲ ಆಗಬೇಕು ಎಂದು ಬಲ್ಲೆ. ಬೋರ್ಡು ಕೀಳಲು ಒಬ್ಬ ಮನುಷ್ಯ, ಒಂದು ಸ್ಪ್ಯಾನರು ಸಾಕು. ನಕಾಶೆಯ ಚುಕ್ಕೆ ಅಳಿಸಲು ಒಂದು ಬೆರಳು ಸಾಕು. ಮುಂದಿನ ಫೆಬ್ರವರಿಯೊಳಗೆ, ಅವರ ಮನೆಗೆ ಮತ್ತೆ ಪೈಪು ಬರುವ ಮೊದಲು, ಇವೆರಡನ್ನು ಮಾಡಿ.

ಯಾಕೆ ಇಷ್ಟು ಅವಸರ ಎನ್ನುವಿರಾದರೆ ಕೊನೆಯದೊಂದು ವಿಷಯ. ಡಬ್ಬಿ ಕೊಡಲು ಹೋದ ದಿನ ಹೊರಡುವಾಗ ಅವರ ಗೇಟಿನ ಒಳಗೆ, ಗೋಡೆಯ ಮೊಳೆಗೆ ಹೊಸ ವೈರಿನ ಸುರುಳಿ ನೇತುಹಾಕಿದ್ದನ್ನು ನೋಡಿದೆ. ದಪ್ಪನೆಯದು, ರಸ್ತೆಯವರೆಗೂ ಮುಟ್ಟುವಷ್ಟು ಉದ್ದ. ಏನಿದು ಎಂದು ಕೇಳಿದೆ.

"ಮೊನ್ನೆ ನಿಮ್ಗ್ ಕೊಟ್ಟ ವೈರು ಬಿಸಿಯಾಗಿತ್ತಮ್ಮ," ಎಂದರು ಓಂಕಾರಪ್ಪ. "ಮುಂದೆ ಬರೋರಿಗೆ ತೊಂದ್ರೆ ಆಗ್ಬಾರ್ದಲ್ಲ."

ಇಂತಿ,
ನಿಮ್ಮ ಬೋರ್ಡಿನಡಿ ನಿಂತ ನಾಲ್ಕನೆಯ ಕಾರಿನವಳು,
ಜೆಟ್ಟು ನಿಂತದ್ದು ಕೇಳಿಸಿಯೂ ಎರಡನೆಯ ರೊಟ್ಟಿ ತಿಂದ
ತ್ರಿಪುರಸುಂದರಿ, ಸಂಸೆ